ಕಡೆಯ ಆರು ಸಾಲು

ಟೊಮೇಟೊ ಗಿಡದ ವಾಸನೆ ಹಣ್ಣಿನಲ್ಲಿ ಇರುವುದಿಲ್ಲ, ಎಲೆಯಲ್ಲಿರುತ್ತದೆ. ಒಂದು ದಿನ ಆ ಗಿಡಗಳ ನಡುವೆ ಕೆಲಸ ಮಾಡಿದರೆ ಬೆರಳು ಹಳದಿಯಾಗಿ, ಹಸಿರಾಗಿ, ಕಡೆಗೆ ಕಪ್ಪಾಗುತ್ತವೆ. ಸಾಬೂನು ಹಚ್ಚಿದರೆ ನೊರೆಯೂ ಹಸಿರಾಗುತ್ತದೆ, ವಾಸನೆ ಮಾತ್ರ ಹೋಗುವುದಿಲ್ಲ. ರೊಟ್ಟಿ ಮುರಿದರೆ ರೊಟ್ಟಿಗೂ ಅದೇ ವಾಸನೆ.

ಹೋದ ತಿಂಗಳು ತಂಗಿಯನ್ನು ನೋಡಲು ರಾಣೇಬೆನ್ನೂರಿನಿಂದ ಹಾವೇರಿಗೆ ಬಸ್ಸು ಹತ್ತಿದ್ದೆ. ನಡುದಾರಿಯಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನ ಪಕ್ಕದಲ್ಲಿ ಕೂತು, ಮುಂದಿನ ಸೀಟಿನ ಸರಳಿನ ಮೇಲೆ ಕೈ ಇಟ್ಟಳು. ಕಪ್ಪು ಬೆರಳು. ಆ ವಾಸನೆ. ನಾನು ತಟ್ಟನೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ.

"ಯಾಕ್ರೀ ಅಕ್ಕಾರ? ನನ್ನ ಕೈ ನಾರಾಕತ್ತಾವೇನ್ರಿ?" ಎಂದು ಅವಳು ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು. "ಇದ ಕೈಲೆ ಬೆಳದದ್ದನ್ನ ನೀವೂ ಸಾರಿಗೆ ಹಾಕೋದು!"

ಜನ ನಕ್ಕರು. ಅವಳು ಬಯ್ದದ್ದು ಸರಿ ಇತ್ತು, ಕಾರಣ ಮಾತ್ರ ಬೇರೆ. ನಾರುತ್ತಿದ್ದದ್ದು ಅವಳ ಕೈಯಲ್ಲ, ನನ್ನವು. ಇಪ್ಪತ್ತೈದು ವರ್ಷಗಳ ಮೇಲಾಯಿತು, ಇನ್ನೂ ನಾರುತ್ತಿವೆ.

ನನ್ನ ಹೆಸರು ನೀಲವ್ವ. ನಾಲ್ಕನೇ ಇಯತ್ತೆ ಓದಿದ್ದೇನೆ. ಕನ್ನಡ ಓದಬಲ್ಲೆ, ನಿಧಾನವಾಗಿ ಬರೆಯಬಲ್ಲೆ, ಇಂಗ್ಲಿಷಿನಲ್ಲಿ ಅಂಕಿಗಳನ್ನು ಮಾತ್ರ ಗುರುತಿಸಬಲ್ಲೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಶಾಲೆ ಬಿಡಿಸಿದರು. ತಂಗಿ ಸರೋಜಾ ಆಗ ತೊಟ್ಟಿಲಲ್ಲಿದ್ದಳು. ಅವಳು ಬೆಳೆದು ಪಿಯುಸಿ ಮುಗಿಸಿದಳು, ಹಾವೇರಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೂ ಹೋದಳು. ಆಗಿನ್ನೂ ಹಾವೇರಿ ಜಿಲ್ಲೆಯಾಗಿರಲಿಲ್ಲ. ಕಂಪ್ಯೂಟರ್ ಕಲಿಯಲು ಹುಡುಗಿ ದಿನಾ ಬಸ್ಸಿಗೆ ಹೋಗುತ್ತಾಳೆಂದರೆ ಓಣಿಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. ನನ್ನ ಕೂಲಿಯಿಂದಲೇ ಅವಳು ಕಲಿತಳು ಎಂಬುದನ್ನು ನಾನು ಎಂದೂ ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ರಾಣೇಬೆನ್ನೂರಿನ ಹೊರಗೆ, ಬ್ಯಾಡಗಿ ಕಡೆಗೆ ಹೋಗುವ ದಾರಿಯಲ್ಲಿ, ಬೀಜದ ಕಂಪನಿಯೊಂದರ ಹೊಲವಿತ್ತು. ಟೊಮೇಟೊ ಬೀಜ ಮಾಡುತ್ತಿದ್ದರು. ಈ ಕೆಲಸ ಗೊತ್ತಿಲ್ಲದವರಿಗೆ ಹೇಳಬೇಕು. ಟೊಮೇಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ಬಿಟ್ಟರೆ ಅದು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ. ಹಾಗೆ ಬಿಡಬಾರದು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಚಿಮಟಾದಿಂದ ಸೀಳಿ, ಒಳಗಿನ ಹಳದಿ ಗಂಡುಭಾಗವನ್ನು ಕಿತ್ತೊಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಮುಟ್ಟಿಸಿದ ಹೂವಿಗೆ ಗುರುತು ಬೇಕಲ್ಲ? ಹೂವಿನ ಕೆಳಗಿರುವ ಐದು ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸಿಬಿಡುತ್ತೇವೆ. ಕಾಯಿ ಹಣ್ಣಾದರೂ ಆ ಗುರುತು ಉಳಿಯುತ್ತದೆ. ಎರಡು ಎಸಳು ಕತ್ತರಿಸಿದ ಹಣ್ಣು ಮಾತ್ರ ಬೀಜಕ್ಕೆ, ಉಳಿದದ್ದು ತಿಪ್ಪೆಗೆ.

ಇಡೀ ಕಸುಬು ನಿಂತಿರುವುದು ಆ ಎರಡು ಎಸಳಿನ ನಂಬಿಕೆಯ ಮೇಲೆ. ಯಾರು ಕತ್ತರಿಸಿದರು, ಯಾವಾಗ ಕತ್ತರಿಸಿದರು ಎಂದು ಹಣ್ಣು ಹೇಳುವುದಿಲ್ಲ.

ಆ ಹೊಲದಲ್ಲಿ ಅರವತ್ತು ಸಾಲು, ಮೂವತ್ತು ಹೆಂಗಸರು. ನಾನು ಮೇಸ್ತ್ರಿ. ಹತ್ತು ವರ್ಷ ಚಿಮಟಾ ಹಿಡಿದ ಮೇಲೆ ಸಿಕ್ಕ ಹುದ್ದೆ. ಪಂಪ್‌ಸೆಟ್ ಮನೆಯ ಮುಂದೆ ನಿಂತು ಬೆರಳು ತೋರಿಸುವುದು ನನ್ನ ಕೆಲಸ. ನೀ ಆ ಸಾಲಿಗೆ, ನೀ ಈ ಸಾಲಿಗೆ. ಹತ್ತಿರದ, ಬೇವಿನ ಮರದ ನೆರಳಿನ ಸಾಲುಗಳು ನನಗೆ ಬೇಕಾದವರಿಗೆ. ಬೇಲಿಯ ಹತ್ತಿರದ ಕಡೆಯ ಸಾಲುಗಳು, ಕಾಲಿಗೆ ಮುಳ್ಳು ಚುಚ್ಚುವವು, ಬೇಡವಾದವರಿಗೆ. ಬೇಕಾದವರು ನನಗೆ ಎಲೆ ಅಡಿಕೆ ಕೊಡುತ್ತಿದ್ದರು, ಮಲ್ಲಿಗೆ ತಂದರೆ ಒಂದು ತುಂಡು ನನ್ನ ಮುಡಿಗೂ ಬರುತ್ತಿತ್ತು. ಕಡೆಯ ಸಾಲು ಹೆಚ್ಚಾಗಿ ಹಜರತ್‌ಬಿಯದು. ಅವಳ ತಪ್ಪೆಂದರೆ ಬಾಯಿ. ಅನಿಸಿದ್ದನ್ನು ಅಂದುಬಿಡುವಳು.

"ನೀಲವ್ವಾ, ನನ್ನ ಹೆಸರಿಗೆ ಆ ಬೇಲಿ ಖರೀದಿ ಕೊಟ್ಟಬಿಡವಾ," ಎನ್ನುತ್ತಿದ್ದಳು. "ದಿನಾ ಅಲ್ಲೇ ಕಳಸತಿ. ಒಂದು ಗುಡಿಸಲಾ ಹಾಕ್ಕೋತೇನಿ."

ಆ ವರ್ಷ ಸರೋಜಾ ಕಂಪನಿಯ ಆಫೀಸಿಗೆ ಟೈಪು ಮಾಡಲು ಸೇರಿದಳು. ಅಲ್ಲೊಂದು ಕಂಪ್ಯೂಟರ್ ಇತ್ತು. ಕರಿ ಪರದೆ, ಹಸಿರು ಅಕ್ಷರ, ಮೇಲೆ ಧೂಳಿಗೆಂದು ಹೊದಿಸಿದ ಹೂವಿನ ಬಟ್ಟೆ. ಹಂಗಾಮು ಶುರುವಾಗುವ ಮೊದಲು ಅವಳು ಸಾಹೇಬರ ಹತ್ತಿರ ಹೋಗಿ, ಹೊಲದ ಪಾಳಿಯನ್ನು ಕಂಪ್ಯೂಟರಿನಲ್ಲೇ ಮಾಡಬಹುದು ಎಂದಳಂತೆ. ಸಾಹೇಬರೆಂದರೆ ಮ್ಯಾನೇಜರ್. ಇಸ್ತ್ರಿ ಅಂಗಿ, ಹೊಲಕ್ಕೆ ಬಂದರೆ ಬದುವಿನ ಮೇಲೇ ನಿಂತು ಮಾತಾಡುವ ಮನುಷ್ಯ. "ಮಾಡು," ಎಂದರು. "ಈ ಬೀಜ ಪರೀಕ್ಷೆದಾಗ ಪಾಸಾದ್ರ ನಿನ್ನ ಕಾಯಂ ಮಾಡತೇನಿ. ಕಂಪ್ಯೂಟರ್ ನೀನ ನೋಡ್ಕೋ."

ಮನೆಯಲ್ಲಿ ಅವ್ವ ಅವಳಿಗೆ ಹಾವೇರಿಯ ಗಂಡು ನೋಡಿಟ್ಟಿದ್ದಳು. ಹಿಟ್ಟಿನ ಗಿರಣಿಯವನು. ಸರೋಜಾ ಹಠ ಹಿಡಿದಳು. ಬೀಜದ ಪರೀಕ್ಷೆ ಆಗುವವರೆಗೆ ಮಾತೆತ್ತಬೇಡ, ಕೆಲಸ ಕಾಯಂ ಆದರೆ ಆಮೇಲೆ ನನಗೆ ಬೇಕಾದಾಗ ಆಗುತ್ತೇನೆ ಎಂದಳು. ಅವ್ವ ಗೊಣಗಿ ಒಪ್ಪಿದಳು. ಸರೋಜಾಳ ಬದುಕು ಯಾವುದರ ಮೇಲೆ ನಿಂತಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ.

ಕಂಪ್ಯೂಟರಿನ ಪಾಳಿ ಹೇಗೆ ನಡೆಯುತ್ತದೆಂದು ಅವಳು ಮನೆಯ ನೆಲದ ಮೇಲೆ ನನಗೆ ತೋರಿಸಿದಳು. ಶೇಂಗಾ ಕಾಯಿಗಳನ್ನು ಒಂದು ಸಾಲು ಇಟ್ಟಳು. ಅದರ ಪಕ್ಕ ಹುಣಸೆ ಬೀಜಗಳ ಇನ್ನೊಂದು ಸಾಲು.

"ಶೇಂಗಾ ಅಂದ್ರ ಹೆಂಗಸರು. ಯಾರು ಮೊದಲ ಬಂದ್ರೋ ಅವರು ಮುಂದ. ಹುಣಸಿ ಬೀಜ ಅಂದ್ರ ಹೊಲದ ಸಾಲು. ಮುಂದಿನ ಶೇಂಗಾಕ್ಕ ಮುಂದಿನ ಬೀಜ. ಕೆಲಸ ಮುಗಿಸಿ ಬಂದಾಕಿ ಮತ್ತ ಕಡೀಕ ಹೋಗಿ ನಿಂದರತಾಳು. ಮುಗೀಲಾರದ ಸಾಲು ಮರುದಿನ ಎಲ್ಲಾದಕ್ಕಿಂತ ಮುಂದ."

"ಕಂಪ್ಯೂಟರಿಗೆ ಯಾರು ಬಂದಾರ ಅಂತ ಹೆಂಗ ತಿಳೀತದ?"

"ನೀ ಚೀಟಿ ಬರೀತಿ. ಯಾರು ಬಂದ್ರು, ಯಾವ ಸಾಲಿನ್ಯಾಗ ಮೊಗ್ಗು ತಯಾರೈತಿ, ನಿನ್ನೆ ಯಾವುದು ಮುಗೀತು. ನಾ ಅದನ್ನ ಹಂಗ ಒಂದು ಫೈಲಿಗೆ ಹಾಕತೇನಿ. ಪ್ರೋಗ್ರಾಮು ಆ ಫೈಲು ಓದಿ ಪಟ್ಟಿ ಮಾಡತೈತಿ."

"ನಡಬರಕ ಒಬ್ಬಾಕಿ ಬಂದ್ರ?"

"ಕಡೀಕ."

"ಮೇಸ್ತ್ರಿ ಮುಂದ ಹಾಕು ಅಂದ್ರ?"

ಸರೋಜಾ ನಕ್ಕಳು. "ಮೇಸ್ತ್ರಿ ಅಂದ್ರೂ ಕಡೀಕ, ಅಕ್ಕಾ."

ನಾನೂ ನಕ್ಕೆ. ಒಂದು ಶೇಂಗಾ ಒಡೆದು ಬಾಯಿಗೆ ಹಾಕಿಕೊಂಡೆ. "ಏ, ಹಜರತ್‌ಬೀನ ತಿಂದಬಿಟ್ಟಿ!" ಎಂದು ಅವಳು ನನ್ನ ಕೈ ಹೊಡೆದಳು. ನಮ್ಮಿಬ್ಬರ ನಡುವೆ ಅಂಥ ನಗು ಆಮೇಲೆ ಬರಲಿಲ್ಲ.

ಹಿಂಗಾರು ಮಳೆ ಮುಗಿದು ಚಳಿ ಬಿತ್ತು. ಬೆಳಿಗ್ಗೆ ಗಿಡಗಳೆಲ್ಲ ಇಬ್ಬನಿಯಲ್ಲಿ ತೋಯ್ದಿರುತ್ತಿದ್ದವು, ಪುಡಿ ಹಸಿಯಾಗುತ್ತದೆಂದು ಬಿಸಿಲು ಏರುವವರೆಗೆ ಕಾಯುತ್ತಿದ್ದೆವು. ದಿನಕ್ಕೆರಡು ಪಟ್ಟಿ ಪಂಪ್‌ಸೆಟ್ ಮನೆಯ ಗೋಡೆಗೆ ಅಂಟುತ್ತಿದ್ದವು, ಬೆಳಗಿನದು ಪುಡಿ ಮುಟ್ಟಿಸಲು, ಸಂಜೆಯದು ಮೊಗ್ಗು ಸೀಳಲು. ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಸರೋಜಾ ಒಬ್ಬೊಬ್ಬರಿಗೆ ಒಂದೊಂದು ನಂಬರು ಕೊಟ್ಟಿದ್ದಳು. ಎರಡು ದಿನದಲ್ಲಿ ಓದು ಬಾರದವರೂ ತಮ್ಮ ನಂಬರು ಹುಡುಕಲು ಕಲಿತರು. ಹಜರತ್‌ಬಿಯದು ಇಪ್ಪತ್ತಮೂರು. ಮೊದಲ ದಿನವೇ ಅವಳಿಗೆ ಬೇವಿನ ನೆರಳಿನ ಸಾಲು ಬಂತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆಯ ಮುಂದೆ ನಿಂತು, ಆ ಕಾಗದಕ್ಕೆ ಸಲಾಮು ಹೊಡೆದಳು.

"ಇನ್ನ ಮ್ಯಾಲೆ ಎಲಿ ಅಡಿಕಿ ಗ್ವಾಡಿಗೆ ಕೊಡೋದು ನೋಡ್ರೆವ್ವಾ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನವರೆಂದುಕೊಂಡವರೂ ನಕ್ಕರು. ನಾನು ಬೆರಳು ಎತ್ತಲು ಹೋಗಿ ಇಳಿಸಿದೆ. ಎಲ್ಲಿಗೆಂದು ತೋರಿಸುವುದು? ಹತ್ತು ವರ್ಷದಲ್ಲಿ ನಾನು ಗಳಿಸಿದ್ದು ಆ ಬೆರಳೊಂದೇ. ಅದನ್ನು ನನ್ನ ಕೂಲಿಯಲ್ಲಿ ಓದಿದ ಹುಡುಗಿ, ಹೂವಿನ ಬಟ್ಟೆ ಹೊದ್ದ ಪೆಟ್ಟಿಗೆಯ ಮುಂದೆ ಕೂತು, ಕಿತ್ತುಕೊಂಡಿದ್ದಳು. ಹೀಗೆ ಯೋಚಿಸಿದೆ. ಇವತ್ತು ಬರೆಯುವಾಗ ಪೆನ್ನು ಮುರಿಯುವಷ್ಟು ಸಿಟ್ಟು ಬರುತ್ತದೆ. ಯಾರ ಮೇಲೆಂದು ಕೇಳಬೇಡಿ.

ಎಳ್ಳಮಾಸೆಯ ಹಿಂದಿನ ದಿನ. ಮರುದಿನ ಹಬ್ಬ, ಭೂಮಿ ಪೂಜೆಗೆ ಹೊಲಕ್ಕೆ ಬುತ್ತಿ ಒಯ್ಯಬೇಕು, ಕಡಬು, ಭರ್ತ, ಸಜ್ಜಿ ರೊಟ್ಟಿ ಎಲ್ಲ ಮಾಡಿಕೊಳ್ಳಬೇಕು. ಸಂಜೆಯ ಪಟ್ಟಿಯಲ್ಲಿ ಬೇಲಿಯ ಹತ್ತಿರದ ಆರು ಸಾಲು, ಐವತ್ತೈದರಿಂದ ಅರವತ್ತು, ನನ್ನ ಹಳೆಯ ಗೆಳತಿಯರಿಗೆ ಬಂದಿದ್ದವು. ಅವರು ನನ್ನ ಸುತ್ತ ನಿಂತರು.

"ನೀಲಕ್ಕಾ, ನೀ ಮೇಸ್ತ್ರಿ ಹೌದೋ ಅಲ್ಲೋ?" ಎಂದಳು ಒಬ್ಬಳು. "ಇವತ್ತೊಂದ ದಿನ ಲಗೂ ಕಳಸಾಕ ಆಗಂಗಿಲ್ಲೇನು? ಆ ಗ್ವಾಡೀನ ಕೇಳಬೇಕೇನು?"

"ಹೋಗ್ರಿ," ಎಂದೆ. "ನಾ ಅದೇನಿ."

ಆ ಎರಡು ಶಬ್ದ ಅನ್ನುವಾಗ ಆದ ಸುಖ ಇನ್ನೂ ನೆನಪಿದೆ. ಚೀಟಿಯಲ್ಲಿ ಬರೆದೆ: ಐವತ್ತೈದರಿಂದ ಅರವತ್ತು, ಮುಗಿದಿದೆ. ಸರೋಜಾ ಅದನ್ನು ಹಾಗೆಯೇ ಫೈಲಿಗೆ ಹಾಕಿದಳು. ನಾನು ಬರೆದದ್ದನ್ನು ಅವಳು ಏಕೆ ಅನುಮಾನಿಸಬೇಕು? ನಾನು ಅವಳ ಅಕ್ಕ.

ಹಬ್ಬವಿದ್ದರೂ ಹೂವು ಕಾಯುವುದಿಲ್ಲ. ಮರುದಿನ ಬೆಳಗಿನ ಪಟ್ಟಿಯಲ್ಲಿ ಆ ಆರು ಸಾಲು ಪುಡಿ ಮುಟ್ಟಿಸಲು ಬಂದವು. ಬರಲೇಬೇಕು, ಸಂಜೆಯ ಕೆಲಸ ಮುಗಿದಿದೆ ಎಂದು ಫೈಲು ಹೇಳಿತ್ತಲ್ಲ. "ಅವನ್ನ ನಾ ಮಾಡತೇನಿ," ಎಂದು ನಾನೇ ಹೋದೆ. ಹೂಗಳು ಬಿರಿದು, ಗಂಡುಭಾಗ ಒಳಗೇ ಇತ್ತು. ತಾವೇ ಕಾಯಿ ಕಟ್ಟಲು ತಯಾರಾಗಿದ್ದವು. ಅವನ್ನೆಲ್ಲ ಕಿತ್ತು ಚೆಲ್ಲಬೇಕಿತ್ತು. ಕಿತ್ತರೆ ಆರು ಸಾಲು ಬೋಳಾಗಿ ಕಾಣುತ್ತವೆ, ಯಾಕೆಂದು ಕೇಳುತ್ತಾರೆ. ನಾನು ಕತ್ತರಿ ತೆಗೆದುಕೊಂಡೆ. ಒಂದೊಂದು ಹೂವಿಗೆ ಎರಡೆರಡು ಎಸಳು ಕತ್ತರಿಸುತ್ತ ಹೋದೆ.

ಅದೊಂದೇ ದಿನವಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಒಮ್ಮೆ ರುಚಿ ಹತ್ತಿತು. ಮುಡಿಗೆ ಮಲ್ಲಿಗೆ ಮತ್ತೆ ಬಂತು. ಕಡೆಯ ಸಾಲು ಗೆಳತಿಯರಿಗೆ ಬಂದಾಗಲೆಲ್ಲ ಅವರನ್ನು ಬೇಗ ಬಿಟ್ಟೆ, ಚೀಟಿಯಲ್ಲಿ ಮುಗಿದಿದೆ ಎಂದು ಬರೆದೆ, ಬೆಳಿಗ್ಗೆ ಕತ್ತರಿ ಹಿಡಿದು ಬೇಲಿಗೆ ಹೋದೆ. ಕಡೆಯ ಸಾಲು ಹಜರತ್‌ಬಿಗೆ ಬಂದ ದಿನ ಅವಳು ಪೂರ್ತಿ ಕೆಲಸ ಮಾಡುತ್ತಿದ್ದಳು. ಅವಳನ್ನು ನಾನು ಬೇಗ ಬಿಡುತ್ತಿರಲಿಲ್ಲ. ಆ ಸಾಲುಗಳಲ್ಲಿ ಸರಿಯಾಗಿ ಆದ ಕಾಯಿಗಳೇನಾದರೂ ಇದ್ದರೆ ಅವು ನಾನು ದ್ವೇಷಿಸಿದವಳ ಕೈಯಲ್ಲಿ ಆದವು.

ಹಣ್ಣು ಕೊಯ್ದರು, ಬೀಜ ತೊಳೆದು ಒಣಗಿಸಿದರು. ಸ್ವಲ್ಪ ಬೀಜವನ್ನು ಪರೀಕ್ಷೆಗೆಂದು ಬೇರೆ ಮಡಿಯಲ್ಲಿ ಬಿತ್ತಿದರು. ತಾಯಿ ತಳಿ ಗಿಡ್ಡ ಗಿಡ. ಬೆರಕೆ ಸರಿಯಾಗಿದ್ದರೆ ಎಲ್ಲವೂ ಎತ್ತರಕ್ಕೆ ಏಳಬೇಕು. ಮುಂಗಾರಿನ ಮಿರಗದ ಮಳೆಯ ಹೊತ್ತಿಗೆ ಆ ಮಡಿಯನ್ನು ನೋಡಿದರೆ, ಎತ್ತರದ ಗಿಡಗಳ ನಡುವೆ ಅಲ್ಲಲ್ಲಿ ಗಿಡ್ಡ ಗಿಡಗಳು. ಬದುವಿನ ಮೇಲೆ ನಿಂತವರಿಗೂ ಕಾಣುವಂತಿದ್ದವು. ಇಡೀ ಹೊಲದ ಬೀಜ ನಾಪಾಸಾಯಿತು.

ಸಾಹೇಬರು ನನ್ನನ್ನೂ ಸರೋಜಾಳನ್ನೂ ಆಫೀಸಿಗೆ ಕರೆಸಿದರು. ತಪ್ಪು ಮಂದಿಯದೋ ಯಂತ್ರದ್ದೋ ಎಂದರು. ನನ್ನ ಬಾಯಿ ನನಗಿಂತ ಮೊದಲು ಮಾತಾಡಿತು.

"ಸಂಜೀ ಪಟ್ಟಿನ್ಯಾಗ ಕಡೀ ಆರು ಸಾಲು ಬರತಿರಲಿಲ್ರೀ ಸಾಹೇಬ್ರ. ಮುಂಜಾನಿ ಪಟ್ಟಿನ್ಯಾಗ ಬರತಿದ್ವು. ಕಂಪ್ಯೂಟರ್ ಹೇಳೈತಿ ಅಂದ ಮ್ಯಾಲೆ ಆಗಿರಬೇಕು ಅಂತ ನಾವು ಗುರುತು ಮಾಡಿದ್ವಿ."

ಒಂದು ದಿನ ಚಿಮಟಾ ಹಿಡಿದವರು ಯಾರೇ ಆಗಲಿ ಅಲ್ಲಿಯೇ ಈ ಸುಳ್ಳನ್ನು ಹಿಡಿಯುತ್ತಿದ್ದರು. ಸೀಳದ ಹೂವು ಯಾವುದು, ಸೀಳಿದ ಹೂವು ಯಾವುದು ಎಂದು ಕುರುಡರಿಗೂ ಬೆರಳಲ್ಲಿ ತಿಳಿಯುತ್ತದೆ. ಆ ಮನುಷ್ಯ ಚಿಮಟಾ ಹಿಡಿದಿರಲಿಲ್ಲ. ಬೀಜದ ಕಂಪನಿ ನಡೆಸುವವನಿಗೆ ಹೂವು ಗೊತ್ತಿರಲಿಲ್ಲ! ಸರೋಜಾಳ ಕಡೆ ತಿರುಗಿ, "ನಾಳೆ ನಾ ಬಂದ ಕೂಡ್ಲೇ ಇದನ್ನ ನಡಿಸಿ ತೋರಸು," ಎಂದು ಎದ್ದುಹೋದರು.

ಮರುದಿನ ಬೆಳಿಗ್ಗೆ ಅವರು ಬರುವ ಮೊದಲೇ ನಾವಿಬ್ಬರು ಆಫೀಸಿನಲ್ಲಿದ್ದೆವು. ಸರೋಜಾ ಹೂವಿನ ಬಟ್ಟೆ ಮಡಚಿ ಬದಿಗಿಟ್ಟು, ಹಂಗಾಮಿನ ಫೈಲುಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಪರದೆಯ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು.

"ಅಕ್ಕಾ, ಸಂಜೀ ಪಟ್ಟಿನ್ಯಾಗ ಆ ಸಾಲು ಅದಾವು. ಮುಗದಾವ ಅಂತ ನೀ ಬರದಿ. ಮುಗದಿದ್ವೇನು?"

"ನಾ ಬರದಿಲ್ಲ. ನಿನ್ನ ಪೆಟಗಿನ ಏನರ ಮಾಡೇತಿ."

"ಅದು ತಾನ ಏನೂ ಮಾಡಂಗಿಲ್ಲ ಅಕ್ಕಾ. ಕೊಟ್ಟದ್ದನ್ನ ಓದತೈತಿ, ಅಷ್ಟ."

"ಅಂದ್ರ ನಾ ಸುಳ್ಳು ಹೇಳತೇನಿ? ನಾನು? ನಿನ್ನ ಓದಿಸಿದಾಕಿ?"

ಹೌದು, ಅದನ್ನೂ ಅಂದೆ. ಅವಳು ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿದ್ದರೆ ನಾನು ಬದುಕುತ್ತಿದ್ದೆ. ಏನನ್ನೋ ಕೂಡಿ ಕಳೆಯುವವಳ ಹಾಗೆ ನೋಡಿದಳು. ನನ್ನ ಕೆಲಸ ಹೋದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಮೋಸ ಮಾಡಿದ ಮೇಸ್ತ್ರಿಗೆ ಸುತ್ತಲಿನ ಯಾವ ಹೊಲದವರೂ ಕೆಲಸ ಕೊಡುವುದಿಲ್ಲ. ಅವಳಿಗೆ ಅದು ಹೊಳೆದಿರಬೇಕು. ಮತ್ತೆ ಪರದೆಗೆ ತಿರುಗಿದಳು. ಫೈಲು ಮುಚ್ಚಿ, ಪ್ರೋಗ್ರಾಮು ತೆರೆದಳು. ಇಂಗ್ಲಿಷ್ ಅಕ್ಷರಗಳ ನಡುವೆ ನನಗೆ ಓದಲು ಬರುತ್ತಿದ್ದದ್ದು ಅಂಕಿ ಮಾತ್ರ. ಒಂದು ಕಡೆ ಅರವತ್ತು ಎಂದಿತ್ತು. ಅವಳು ಅದನ್ನು ಅಳಿಸಿ ಐವತ್ತನಾಲ್ಕು ಎಂದು ಬರೆದಳು. ಆಮೇಲೆ ಆ ಫೈಲುಗಳನ್ನು ಒಂದೊಂದಾಗಿ ಅಳಿಸಿದಳು.

"ಈಗ ನೀ ಹೇಳಿದ್ದು ಖರೇ ಆತ ನೋಡ," ಎಂದಳು.

ನಾನು ಅವಳ ಕೈ ಹಿಡಿಯಲಿಲ್ಲ. ಬೇಡ ಎನ್ನಲಿಲ್ಲ. ಕುರ್ಚಿಯಲ್ಲಿ ಕೂತೇ ಇದ್ದೆ.

ಸಾಹೇಬರು ಬಂದರು. ನಮ್ಮ ಹೆಂಗಸರೂ ಕೆಲವರು ಬಂದು ಬಾಗಿಲಲ್ಲಿ ನಿಂತರು. ಸರೋಜಾ ನಡೆಸಿ ತೋರಿಸಿದಳು. ಸಂಜೆಯ ಪಟ್ಟಿ ಐವತ್ತನಾಲ್ಕಕ್ಕೆ ನಿಂತಿತು. "ನನ್ನ ತಪ್ಪು ಆಗೇತ್ರಿ," ಎಂದಳು. ಸಾಹೇಬರು ಆ ಪಟ್ಟಿಯ ಕಾಗದ ಹರಿದು ಬುಟ್ಟಿಗೆ ಎಸೆದು ನಕ್ಕರು. "ಆರು ತಿಂಗಳ ಕ್ಲಾಸ್ ಮಾಡಿದವರ ಕೈಯಾಗ ಹೊಲ ಕೊಟ್ರ ಇನ್ನೇನ ಆಗತೈತಿ? ಲಗ್ನ ಮಾಡ್ಕೊಂಡು ರೊಟ್ಟಿ ಬಡಿಯವ್ವಾ."

ಬಾಗಿಲಿನಿಂದ ಒಂದು ಧ್ವನಿ ಬಂತು. ಹಜರತ್‌ಬಿ.

"ಸುಳ್ರೀ ಸಾಹೇಬ್ರ! ಐವತ್ತೆಂಟನೇ ಸಾಲು ಸಂಜೀಮುಂದ ನನಗ ಎಷ್ಟ ಸಲ ಬಂದೈತಿ. ಪಟ್ಟಿನ್ಯಾಗ ಇಪ್ಪತ್ತಮೂರರ ಮುಂದ ಐವತ್ತೆಂಟು ಇರತಿತ್ತು, ನಾನ ನೋಡೇನಿ. ಈ ಹುಡುಗಿ ಪಟ್ಟಿ ಎಂದೂ ತಪ್ಪಿಲ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ಮೇಸ್ತ್ರಿ ನಾನು, ಹೌದು ಅಥವಾ ಅಲ್ಲ ಎನ್ನಬೇಕಾದವಳು ನಾನು. ಸರೋಜಾ ಮಾತ್ರ ನೋಡಲಿಲ್ಲ, ತಲೆ ತಗ್ಗಿಸಿ ಹೂವಿನ ಬಟ್ಟೆಯ ಅಂಚು ಸರಿಮಾಡುತ್ತಿದ್ದಳು. ಆ ಕ್ಷಣದಲ್ಲಿ ಒಂದು ಮಾತು ಸಾಕಿತ್ತು.

"ಸುಮ್ನಿರ ಹಜರತ್‌ಬಿ," ಎಂದೆ. "ಓದಾಕ ಬರೆಯಾಕ ಬರಲಾರದಾಕಿ, ನಿನಗೇನ ತಿಳೀತೈತಿ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ನಂಬರ್ ನನಗ ತಿಳೀತೈತಿ," ಎಂದು ಹೇಳಿ ಹೊರಟುಹೋದಳು. ಮರುದಿನದಿಂದ ಆ ಹೊಲಕ್ಕೆ ಬರಲಿಲ್ಲ.

ಶ್ರಾವಣ ಮುಗಿಯುವ ಮೊದಲು ಸರೋಜಾಳ ಲಗ್ನವಾಯಿತು. ಗಿರಣಿಯ ಗಂಡ ಒಳ್ಳೆಯ ಮನುಷ್ಯ. ಎಲ್ಲರೂ ಹೇಳುತ್ತಾರೆ, ಸರೋಜಾನ ಸಂಸಾರ ಚಂದ ಐತಿ ಎಂದು. ಹಾಗೆ ಹೇಳಿದವರ ಬಾಯಿ ಮುಚ್ಚಿಸಬೇಕೆನಿಸುತ್ತದೆ ನನಗೆ. ಚಂದ ಇದೆ ಎಂದರೆ ನಾನು ಮಾಡಿದ್ದು ಮಾಫ್ ಆಯಿತೇ?

ಹೋದ ತಿಂಗಳು ಬಸ್ಸಿಳಿದು ಹೋದಾಗ ಅವಳು ಗಿರಣಿಯಲ್ಲಿದ್ದಳು. ಹಿಟ್ಟಿನ ಧೂಳಿನಲ್ಲಿ ಹುಬ್ಬು ಬೆಳ್ಳಗಾಗಿದ್ದವು. ಗೋಡೆಗುಂಟ ಜನರ ಡಬ್ಬಿಗಳು ಸಾಲಾಗಿ ಕೂತಿದ್ದವು, ಜೋಳ, ಗೋದಿ, ಕಡಲೆ. ಒಬ್ಬಾತ ಬಂದು ತನ್ನ ಡಬ್ಬಿಯನ್ನು ಎಲ್ಲಕ್ಕಿಂತ ಮುಂದೆ ಇಟ್ಟು, "ಸರೋಜಕ್ಕಾ, ಗಡಿಬಿಡಿ ಐತ್ರಿ," ಎಂದ.

"ಎಲ್ಲಾರಿಗೂ ಐತ್ರಿ. ಕಡೀಕ ಇಡ್ರಿ," ಎಂದಳು, ಬೆಲ್ಟಿನ ಸದ್ದಿನ ಮೇಲೆ.

ಅವಳ ಮಗಳು ದೀಪಾ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಾಳೆ. ಚಹಾ ಕುಡಿಯುವಾಗ ಪುಸ್ತಕ ತಂದು ಕೂತಳು. ಪಾಳಿ ಹಚ್ಚುವ ಪ್ರೋಗ್ರಾಮು ಬರೆಯಬೇಕಂತೆ, ಫೈಲಿನಿಂದ ಕೆಲಸಗಾರರ ಹೆಸರು ಓದಿ, ಸಾಲು ಹಚ್ಚಿ, ಕೆಲಸ ಹಂಚುವುದು. ನಾನು ಬಟ್ಟಲು ಕೆಳಗಿಟ್ಟೆ.

"ಅವ್ವಾ, ನೀನೂ ಕಂಪ್ಯೂಟರ್ ಕಲ್ತಿದ್ದಿ ಅಂತಲ್ಲ? ಹೇಳಿಕೊಡು."

ಸರೋಜಾ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. "ನನಗೆಲ್ಲಿ ಬರತೈತಿ ಮಗಳ? ಒಮ್ಮೆ ಒಂದು ಬರದಿದ್ದೆ. ತಪ್ಪಾತು ಅದು. ಮಂದಿಗೆ ಲುಕ್ಸಾನಾತು."

ಸಹಜವಾಗಿ ಹೇಳಿದಳು. ನನ್ನ ಕಡೆ ನೋಡದೆ, ನನ್ನನ್ನು ಚುಚ್ಚದೆ. ಇಷ್ಟು ವರ್ಷ ಹೇಳುತ್ತ ಹೇಳುತ್ತ ಅವಳೇ ಅದನ್ನು ನಂಬಿಬಿಟ್ಟಿದ್ದಾಳೋ ಏನೋ. ನಾನು ಬಾಯಿ ತೆರೆದೆ. "ಸಕ್ಕರಿ ಕಡಿಮಿ ಆಗೇತಿ," ಎಂದೆ.

ಮನೆಗೆ ಬಂದು ಇದನ್ನು ಬರೆಯಲು ಕೂತೆ. ಬಾಯಿಗೆ ಬಾರದ್ದು ಕೈಗಾದರೂ ಬರಲಿ ಎಂದು. ದೀಪಾ, ಇದನ್ನು ನಿನಗೇ ಕಳಿಸುತ್ತೇನೆ. ನಿನ್ನ ಅವ್ವ ಬರೆದ ಪ್ರೋಗ್ರಾಮಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಗಿರಣಿ ನಿಲ್ಲಿಸಿ ಅವಳ ಮುಂದೆ ಗಟ್ಟಿಯಾಗಿ ಓದು, ಪೂರ್ತಿ ಓದು. ಹೇಗೆ ಬರೆಯಬೇಕೆಂದು ಆಮೇಲೆ ಅವಳನ್ನೇ ಕೇಳು. ಹಜರತ್‌ಬಿ ಹೋದ ವರ್ಷ ತೀರಿಕೊಂಡಳು. ಅವಳಿಗೆ ನಾನು ಕೊಡಬೇಕಾಗಿದ್ದ ಮಾತು ನನ್ನಲ್ಲೇ ಉಳಿಯಿತು.

ಫೈಲಿಗೆ ಬೇಕಾಗಿದ್ದ ಚೀಟಿಯನ್ನು ಈಗ ಸರಿಯಾಗಿ ಬರೆಯುತ್ತಿದ್ದೇನೆ.

ಎಳ್ಳಮಾಸೆಯ ಹಿಂದಿನ ದಿನ, ಸಂಜೆ. ಸಾಲು ಐವತ್ತೈದು, ಐವತ್ತಾರು, ಐವತ್ತೇಳು, ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಮುಗಿದಿಲ್ಲ. ಬರೆದವಳು, ಮೇಸ್ತ್ರಿ ನೀಲವ್ವ.